ಇಂಡಿಯನ್ ಏರ್‌ಲೈನ್ಸ್ ವಿಮಾನ 605

ಇಂಡಿಯನ್ ಏರ್‌ಲೈನ್ಸ್ ವಿಮಾನ 605 ಅಂದಿನ ಬೊಂಬಾಯಿಯಿಂದ ಬೆಂಗಳೂರಿಗೆ ಬರುತ್ತಿದ್ದ ದೇಶೀಯ ಪ್ರಯಾಣಿಕ ವಿಮಾನ. 1990ರ ಫೆಬ್ರವರಿ 14ರಂದು ಮಧ್ಯಾಹ್ನ ಸುಮಾರು ಒಂದು ಗಂಟೆಗೆ, ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಇಳಿಯುವ ಕೊನೆಯ ಹಂತದಲ್ಲಿದ್ದಾಗ ಇದು ಓಡುಹಾದಿಯನ್ನು ತಲುಪುವ ಮೊದಲೇ ನೆಲಕ್ಕೆ ಅಪ್ಪಳಿಸಿತು. ವಿಮಾನದಲ್ಲಿದ್ದ 146 ಮಂದಿಯಲ್ಲಿ 92 ಮಂದಿ ಮೃತಪಟ್ಟರು. 54 ಮಂದಿ ಬದುಕುಳಿದರು. ಏರ್‌ಬಸ್ ಎ320 ಮಾದರಿಯ ವಿಮಾನಗಳ ಇತಿಹಾಸದಲ್ಲಿ ಪ್ರಾಣಹಾನಿಯಾದ ಎರಡನೆಯ ಅಪಘಾತವಿದು. ಹವೆ ತಿಳಿಯಾಗಿದ್ದು, ಓಡುಹಾದಿ ಕಣ್ಣಿಗೆ ಕಾಣುತ್ತಿದ್ದು, ವಿಮಾನ ಹೊಸದಾಗಿದ್ದರೂ ಅಪಘಾತ ಸಂಭವಿಸಿತು. ಈ ಕಾರಣದಿಂದ ಇದು ಸ್ವಯಂಚಾಲಿತ ವ್ಯವಸ್ಥೆಗಳು ಮತ್ತು ಮಾನವ ದೋಷದ ಸಂಬಂಧವನ್ನು ಕುರಿತ ಅಧ್ಯಯನಗಳಲ್ಲಿ ಮುಖ್ಯ ಉದಾಹರಣೆಯಾಗಿದೆ.

ಹಿನ್ನೆಲೆ

ಏರ್‌ಬಸ್ ಎ320 ವಿಮಾನವು 1988ರಲ್ಲಿ ಪ್ರಯಾಣಿಕ ಸೇವೆಗೆ ಬಂದಿತು. ಅದಕ್ಕೂ ಹಿಂದಿನ ಬಹುಪಾಲು ವಿಮಾನಗಳಲ್ಲಿ ಚಾಲಕನ ಕೈಯಲ್ಲಿದ್ದ ನಿಯಂತ್ರಣ ದಂಡಕ್ಕೂ ರೆಕ್ಕೆ ಮತ್ತು ಬಾಲದ ಚಲಿಸುವ ಫಲಕಗಳಿಗೂ ತಂತಿ, ರಾಟೆ, ಕೊಳವೆಗಳ ಮೂಲಕ ಸಂಪರ್ಕವಿರುತ್ತಿತ್ತು. ಎ320ರಲ್ಲಿ ಚಾಲಕನ ಆದೇಶವು ಮೊದಲು ಗಣಕಗಳಿಗೆ ಹೋಗುತ್ತದೆ. ಗಣಕಗಳು ಅದನ್ನು ಪರಿಶೀಲಿಸಿ ವಿದ್ಯುತ್ ಸಂಕೇತಗಳ ಮೂಲಕ ಫಲಕಗಳನ್ನು ಚಲಿಸುವಂತೆ ಮಾಡುತ್ತವೆ. ಎಂಜಿನ್‌ಗಳ ಬಲವನ್ನು ನಿಯಂತ್ರಿಸುವ ಸ್ವಯಂಚಾಲಿತ ವ್ಯವಸ್ಥೆಯೂ ಇದರಲ್ಲಿದೆ. ಆ ವ್ಯವಸ್ಥೆ ಎಂಜಿನ್ ಬಲವನ್ನು ಹೆಚ್ಚು ಕಡಿಮೆ ಮಾಡುವಾಗ ಚಾಲಕರ ನಡುವೆ ಇರುವ ಥ್ರಾಟಲ್ ಹಿಡಿಕೆಗಳು ಚಲಿಸುವುದಿಲ್ಲ. ಎಂಜಿನ್ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಚಾಲಕರು ಮುಂದಿನ ಪರದೆಗಳನ್ನು ನೋಡಿಯೇ ತಿಳಿಯಬೇಕಾಗುತ್ತದೆ.

ಸರ್ಕಾರಿ ಸ್ವಾಮ್ಯದ ಇಂಡಿಯನ್ ಏರ್‌ಲೈನ್ಸ್ ಸಂಸ್ಥೆಯು 1989ರಿಂದ ಈ ವಿಮಾನಗಳನ್ನು ಬಳಸತೊಡಗಿತು. ಅಪಘಾತಕ್ಕೀಡಾದ ವಿಮಾನದ ನೋಂದಣಿ ಸಂಖ್ಯೆ ವಿಟಿ-ಇಪಿಎನ್. ಅದು ಸಂಸ್ಥೆಯ ಕೈಸೇರಿದ್ದು 1989ರ ಡಿಸೆಂಬರ್‌ನಲ್ಲಿ. ಅಪಘಾತದ ಹೊತ್ತಿಗೆ ಎರಡು ತಿಂಗಳ ಸೇವೆಯನ್ನಷ್ಟೇ ಸಲ್ಲಿಸಿತ್ತು. ಚಾಲಕರಿಬ್ಬರೂ ಇತರ ವಿಮಾನಗಳಲ್ಲಿ ಸಾಕಷ್ಟು ಅನುಭವ ಪಡೆದವರಾಗಿದ್ದರೂ ಈ ಮಾದರಿ ಅವರಿಗೆ ಹೊಸದು.

ಆ ದಿನದ ಹಾರಾಟವು ಪರೀಕ್ಷಾ ಹಾರಾಟವೂ ಆಗಿತ್ತು. ಎಡಗಡೆಯ ಆಸನದಲ್ಲಿದ್ದ ಚಾಲಕರು ಎ320ರ ಕ್ಯಾಪ್ಟನ್ ಆಗಲು ಅಗತ್ಯವಾದ ಮಾರ್ಗ ಪರೀಕ್ಷೆಗೆ ಒಳಗಾಗಿದ್ದರು. ಬಲಗಡೆಯ ಆಸನದಲ್ಲಿದ್ದ ಹಿರಿಯ ಚಾಲಕರು ಅವರ ಪರೀಕ್ಷಕರು. ಪರೀಕ್ಷಕರು ಸಹಚಾಲಕನ ಕೆಲಸವನ್ನೂ ನಿರ್ವಹಿಸಬೇಕಿತ್ತು.

ಅಪಘಾತ

ವಿಮಾನವು ಬೊಂಬಾಯಿಯನ್ನು ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಬಿಟ್ಟಿತು. ಪ್ರಯಾಣದ ಬಹುಭಾಗ ಯಾವ ತೊಡಕೂ ಇಲ್ಲದೆ ಸಾಗಿತು. ಬೆಂಗಳೂರು ಸಮೀಪಿಸಿದಾಗ ಚಾಲಕರಿಗೆ ಓಡುಹಾದಿ ಕಂಡಿತು. ಪಶ್ಚಿಮದಿಂದ ಪೂರ್ವಕ್ಕೆ ಇಳಿಯುವ 09 ಸಂಖ್ಯೆಯ ಓಡುಹಾದಿಗೆ ಕಣ್ಣಳತೆಯಲ್ಲೇ ಇಳಿಯಲು ಅವರು ಸಿದ್ಧರಾದರು.

ಕೊನೆಯ ಹಂತದಲ್ಲಿ ವಿಮಾನದ ವೇಗ ಸುಮಾರು 132 ನಾಟ್ ಇರಬೇಕಿತ್ತು. ಆದರೆ ಎಂಜಿನ್‌ಗಳು ಕನಿಷ್ಠ ಬಲದಲ್ಲಿ ನಿಂತುಬಿಟ್ಟಿದ್ದರಿಂದ ವೇಗ ಕುಸಿಯುತ್ತ ಹೋಗಿ 106 ನಾಟ್‌ವರೆಗೆ ಇಳಿಯಿತು. ವಿಮಾನ ಇರಬೇಕಾದ ಎತ್ತರಕ್ಕಿಂತ ಕೆಳಗೆ ಜಾರಿತು. ನೆಲದಿಂದ ಎತ್ತರವನ್ನು ಅಳೆಯುವ ರೇಡಿಯೋ ಉಪಕರಣದ ಧ್ವನಿಯು ನಾನೂರು, ಮುನ್ನೂರು, ಇನ್ನೂರು ಅಡಿಗಳೆಂದು ಒಂದಾದ ಮೇಲೊಂದರಂತೆ ಸಾರಿತು. ವಿಮಾನ ನೆಲಕ್ಕೆ ಬೀಳುತ್ತಿದೆ ಎಂಬ ಅರಿವು ಚಾಲಕರಿಗೆ ಮೂಡಿದ್ದು ತೀರ ತಡವಾಗಿ. ಎಂಜಿನ್‌ಗಳಿಗೆ ಪೂರ್ಣ ಬಲದ ಆದೇಶ ಹೋಯಿತಾದರೂ ಅದು ಫಲಿಸುವಷ್ಟು ಎತ್ತರ ಉಳಿದಿರಲಿಲ್ಲ.

ಓಡುಹಾದಿಯ ಆರಂಭಕ್ಕಿಂತ ಸುಮಾರು 2,300 ಅಡಿ ಹಿಂದೆ, ಕರ್ನಾಟಕ ಗಾಲ್ಫ್ ಸಂಘದ ಮೈದಾನದಲ್ಲಿ ವಿಮಾನದ ಚಕ್ರಗಳು ನೆಲಕ್ಕೆ ತಗುಲಿದವು. ವಿಮಾನ ಪುಟಿದು ಮತ್ತೆ ನೆಲಕ್ಕೆ ಬಿದ್ದು, ಮೈದಾನದ ಅಂಚಿನ ಮಣ್ಣಿನ ಏರಿಗೆ ಡಿಕ್ಕಿ ಹೊಡೆಯಿತು. ಚಕ್ರಗಳೂ ಎಂಜಿನ್‌ಗಳೂ ಕಳಚಿದವು. ಉಳಿದ ಭಾಗವು ಒಂದು ಹಳ್ಳವನ್ನೂ ರಸ್ತೆಯನ್ನೂ ದಾಟಿ, ನಿಲ್ದಾಣದ ಗಡಿಗೋಡೆಯ ಹೊರಗಿನ ಜವುಗು ನೆಲದಲ್ಲಿ ನಿಂತು ಬೆಂಕಿಗೆ ಆಹುತಿಯಾಯಿತು. ಮೃತರಲ್ಲಿ ಇಬ್ಬರು ಚಾಲಕರೂ ಸೇರಿದ್ದರು.

ತಾಂತ್ರಿಕ ವಿವರಣೆ

ಅಪಘಾತವನ್ನು ಅರಿಯಲು ಇಳಿಯುವ ವಿಮಾನದ ಸ್ವಭಾವವನ್ನು ತಿಳಿಯುವುದು ಅಗತ್ಯ. ಇಳಿಯುವ ವಿಮಾನಕ್ಕೆ ಎಂಜಿನ್ ಬಲ ಬೇಕಿಲ್ಲ ಎಂದು ಮೇಲ್ನೋಟಕ್ಕೆ ತೋರಬಹುದು. ಎತ್ತರದಿಂದ ಕೆಳಗಿಳಿಯುವಾಗ ಅದು ಬಹುಮಟ್ಟಿಗೆ ನಿಜವೂ ಹೌದು. ಆದರೆ ನೆಲ ಸಮೀಪಿಸಿದಾಗ ಚಕ್ರಗಳು ಹೊರಬಂದಿರುತ್ತವೆ, ರೆಕ್ಕೆಯ ಫಲಕಗಳು ಚಾಚಿಕೊಂಡಿರುತ್ತವೆ. ಇವು ಗಾಳಿಯ ಪ್ರತಿರೋಧವನ್ನು ಬಹಳವಾಗಿ ಹೆಚ್ಚಿಸುವುದರಿಂದ, ಓಡುಹಾದಿಯ ಕಡೆಗೆ ಮೆಲ್ಲನೆ ಇಳಿಯುವ ಹಾದಿಯಲ್ಲಿ ವೇಗವನ್ನು ಕಾಪಾಡಲು ಎಂಜಿನ್‌ಗಳು ಸಾಕಷ್ಟು ಬಲ ನೀಡುತ್ತಲೇ ಇರಬೇಕು.

ಎ320ರ ಸ್ವಯಂಚಾಲಿತ ವ್ಯವಸ್ಥೆಗೆ ಹಲವು ವಿಧಾನಗಳಿವೆ. ಅವುಗಳಲ್ಲಿ ಎರಡು ಇಲ್ಲಿ ಮುಖ್ಯವಾದವು.

ವೇಗ ವಿಧಾನ: ಇದರಲ್ಲಿ ನಿಗದಿತ ವೇಗವನ್ನು ಉಳಿಸಿಕೊಳ್ಳುವಂತೆ ವ್ಯವಸ್ಥೆಯೇ ಎಂಜಿನ್ ಬಲವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಇಳಿಯುವ ಕೊನೆಯ ಹಂತಕ್ಕೆ ತಕ್ಕುದು ಇದು.

ಐಡಲ್ ಓಪನ್ ಡಿಸೆಂಟ್ ವಿಧಾನ: ಇದರಲ್ಲಿ ಎಂಜಿನ್‌ಗಳು ಕನಿಷ್ಠ ಬಲದಲ್ಲೇ ಇರುತ್ತವೆ. ವೇಗವನ್ನು ಕಾಯುವುದು ವಿಮಾನದ ಮೂತಿಯನ್ನು ಏರಿಳಿಸುವುದರ ಮೂಲಕ ಮಾತ್ರ. ಹೀಗೆ ಏರಿಳಿಸಲು ಫ್ಲೈಟ್ ಡೈರೆಕ್ಟರ್ ಎಂಬ ಸಾಧನ ಪರದೆಯ ಮೇಲೆ ಸೂಚನೆ ಕೊಡುತ್ತಿರುತ್ತದೆ. ಎತ್ತರದಿಂದ ಬೇಗನೆ ಇಳಿಯಲು ಇದು ಉಪಯುಕ್ತ. ನೆಲದ ಸಮೀಪದಲ್ಲಿ ಅಪಾಯಕಾರಿ.

ಎರಡನೆಯ ವಿಧಾನದಲ್ಲಿರುವಾಗ ಚಾಲಕನು ಆ ಸೂಚನೆಯನ್ನು ಅನುಸರಿಸದೆ, ಕಣ್ಣೆದುರಿನ ಓಡುಹಾದಿಯನ್ನು ತಲುಪಲೆಂದು ಮೂತಿಯನ್ನು ಮೇಲೆತ್ತುತ್ತ ಹೋದರೆ ವೇಗ ಕುಸಿಯುತ್ತದೆ. ಆಗ ಬಲವನ್ನು ಹೆಚ್ಚಿಸುವವರು ಯಾರೂ ಇರುವುದಿಲ್ಲ. ಯಂತ್ರ ನೋಡಿಕೊಳ್ಳುತ್ತಿದೆಯೆಂದು ಚಾಲಕ ನಂಬಿರುತ್ತಾನೆ. ಮೂತಿಯನ್ನು ಇಳಿಸಿ ವೇಗ ಕಾಯುವ ಹೊಣೆ ಚಾಲಕನದೆಂಬ ಲೆಕ್ಕದಲ್ಲಿ ಯಂತ್ರ ನಡೆಯುತ್ತಿರುತ್ತದೆ. ವಿಮಾನ 605ರಲ್ಲಿ ಆದದ್ದು ಇದೇ.

ಎರಡೂ ಬದಿಯ ಫ್ಲೈಟ್ ಡೈರೆಕ್ಟರ್‌ಗಳನ್ನು ಆರಿಸಿದ್ದರೆ ವ್ಯವಸ್ಥೆಯು ತಾನಾಗಿ ವೇಗ ವಿಧಾನಕ್ಕೆ ಮರಳುತ್ತಿತ್ತು. ಧ್ವನಿಮುದ್ರಣದಿಂದ ತಿಳಿಯುವಂತೆ, ವಿಮಾನ ಕನಿಷ್ಠ ಬಲದ ವಿಧಾನದಲ್ಲಿ ಇಳಿಯುತ್ತಿದೆ ಎಂಬುದನ್ನು ಪರೀಕ್ಷಕ ಚಾಲಕರು ಗಮನಿಸಿ ಹೇಳಿದ್ದರು. ಎಡಬದಿಯ ಚಾಲಕರು ತಮ್ಮ ಫ್ಲೈಟ್ ಡೈರೆಕ್ಟರನ್ನು ಆರಿಸಿದರು. ಬಲಬದಿಯದು ಆರಿಸದೆ ಉಳಿಯಿತು. ಆ ಒಂದು ಗುಂಡಿಯಿಂದಾಗಿ ವಿಧಾನ ಬದಲಾಗಲಿಲ್ಲ.

ವಿಮಾನದಲ್ಲಿ ಕೊನೆಯ ರಕ್ಷಣೆಯೊಂದಿತ್ತು. ವೇಗ ಅಪಾಯದ ಮಟ್ಟಕ್ಕಿಳಿದು ಮೂತಿ ಅತಿಯಾಗಿ ಮೇಲೆದ್ದಾಗ ಆಲ್ಫಾ ಫ್ಲೋರ್ ಎಂಬ ಏರ್ಪಾಡು ಚಾಲಕರನ್ನು ಕೇಳದೆಯೇ ಪೂರ್ಣ ಬಲಕ್ಕೆ ಆದೇಶ ಕೊಡುತ್ತದೆ. ಅಂದು ಅದು ಕಾರ್ಯಪ್ರವೃತ್ತವಾದಾಗ ವಿಮಾನ ನೆಲದಿಂದ ಬಹಳ ಕಡಿಮೆ ಎತ್ತರದಲ್ಲಿತ್ತು. ಕನಿಷ್ಠ ಬಲದಲ್ಲಿರುವ ಜೆಟ್ ಎಂಜಿನ್ ಪೂರ್ಣ ಬಲಕ್ಕೇರಲು ಕೆಲವು ಸೆಕೆಂಡುಗಳು ಬೇಕು. ಆ ಸೆಕೆಂಡುಗಳು ಮುಗಿಯುವ ಮೊದಲೇ ವಿಮಾನ ನೆಲ ಮುಟ್ಟಿತು.

ತನಿಖೆ ಮತ್ತು ಸಂಭವನೀಯ ಕಾರಣ

ಕೇಂದ್ರ ಸರ್ಕಾರವು ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ನೇತೃತ್ವದಲ್ಲಿ ವಿಚಾರಣಾ ನ್ಯಾಯಾಲಯವನ್ನು ನೇಮಿಸಿತು. ಹಾರಾಟದ ಅಂಕಿಅಂಶಗಳನ್ನು ದಾಖಲಿಸುವ ಉಪಕರಣ ಮತ್ತು ಚಾಲಕರ ಕೋಣೆಯ ಧ್ವನಿಮುದ್ರಿಕೆ ತನಿಖೆಗೆ ಮುಖ್ಯ ಆಧಾರಗಳಾದವು.

ವಿಚಾರಣಾ ನ್ಯಾಯಾಲಯದ ನಿರ್ಣಯದ ಸಾರ ಹೀಗಿದೆ: ವಿಮಾನವು ಐಡಲ್ ಓಪನ್ ಡಿಸೆಂಟ್ ವಿಧಾನದಲ್ಲಿದೆ ಎಂಬುದು ತಿಳಿದಿದ್ದರೂ, ನಾನೂರು, ಮುನ್ನೂರು, ಇನ್ನೂರು ಅಡಿಗಳ ಎಚ್ಚರಿಕೆಗಳು ಕೇಳಿಬಂದರೂ, ಚಾಲಕರು ಪರಿಸ್ಥಿತಿಯ ಗಾಂಭೀರ್ಯವನ್ನು ಗ್ರಹಿಸಿ ತಕ್ಷಣ ಥ್ರಾಟಲ್‌ಗಳನ್ನು ಮುಂದೂಡಲಿಲ್ಲ. ಇದೇ ಅಪಘಾತದ ಸಂಭವನೀಯ ಕಾರಣ. ಆದರೆ ಇಳಿಯುವ ಆ ನಿರ್ಣಾಯಕ ಘಟ್ಟದಲ್ಲಿ ವಿಮಾನ ಆ ವಿಧಾನಕ್ಕೆ ಹೋದದ್ದೇಕೆ ಎಂಬುದನ್ನು ಖಚಿತವಾಗಿ ಗುರುತಿಸಲು ಸಾಧ್ಯವಿಲ್ಲವೆಂದೂ ವರದಿ ಹೇಳಿತು.

ಇದಕ್ಕೆ ಒಂದು ಸಂಭಾವ್ಯ ವಿವರಣೆಯುಂಟು. ಚಾಲಕರ ಎದುರಿನ ಫಲಕದಲ್ಲಿ ಇಳಿಯುವ ದರವನ್ನು ಹೊಂದಿಸುವ ತಿರುಗುಗುಂಡಿಯೂ ಎತ್ತರವನ್ನು ಹೊಂದಿಸುವ ತಿರುಗುಗುಂಡಿಯೂ ಅಕ್ಕಪಕ್ಕದಲ್ಲಿವೆ. ನಿಮಿಷಕ್ಕೆ 700 ಅಡಿ ಇಳಿಯುವ ದರವನ್ನು ಹೊಂದಿಸುವ ಬದಲು, ಪಕ್ಕದ ಗುಂಡಿಯಲ್ಲಿ 700 ಅಡಿ ಎತ್ತರವನ್ನು ಹೊಂದಿಸಿರಬಹುದು. ಬೆಂಗಳೂರಿನ ನೆಲವೇ ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಮೇಲಿರುವುದರಿಂದ, ಅಂತಹ ಆದೇಶಕ್ಕೆ ನೆಲಕ್ಕಿಂತ ಕೆಳಗಿನ ಗುರಿಯತ್ತ ಇಳಿಯುತ್ತಲೇ ಇರು ಎಂಬ ಅರ್ಥವಾಗುತ್ತದೆ.

ಸಂಭವನೀಯ ಕಾರಣ ಎಂಬ ಪದದ ಬಳಕೆಗೆ ಹಿನ್ನೆಲೆಯಿದೆ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಒಡಂಬಡಿಕೆಯ 13ನೆಯ ಅನುಬಂಧದ ಪ್ರಕಾರ ಅಪಘಾತ ತನಿಖೆಯ ಉದ್ದೇಶ ಮುಂದಿನ ಅಪಘಾತಗಳನ್ನು ತಡೆಯುವುದು; ತಪ್ಪಿತಸ್ಥರನ್ನು ಹುಡುಕಿ ಶಿಕ್ಷಿಸುವುದಲ್ಲ. ದೊರೆತ ಸಾಕ್ಷ್ಯಗಳು ಯಾವ ವಿವರಣೆಯತ್ತ ಬೆರಳು ತೋರುತ್ತವೆಯೋ ಅದನ್ನು ತನಿಖಾಧಿಕಾರಿಗಳು ದಾಖಲಿಸುತ್ತಾರೆ. ಚಾಲಕರ ದೋಷ ಎಂಬಲ್ಲಿಗೆ ವಿಚಾರ ಮುಗಿಯುವುದಿಲ್ಲ. ನುರಿತ ಇಬ್ಬರು ಚಾಲಕರು ಏಕಕಾಲಕ್ಕೆ ಅದೇ ದೋಷಕ್ಕೆ ಒಳಗಾದದ್ದು ಹೇಗೆ ಎಂಬುದು ಅಲ್ಲಿಂದ ಮುಂದಿನ ಪ್ರಶ್ನೆ.

ಪರಿಣಾಮಗಳು

ಅಪಘಾತದ ಬೆನ್ನಲ್ಲೇ ಇಂಡಿಯನ್ ಏರ್‌ಲೈನ್ಸ್‌ನ ಎಲ್ಲ ಎ320 ವಿಮಾನಗಳ ಹಾರಾಟವನ್ನು ಸರ್ಕಾರ ನಿಲ್ಲಿಸಿತು. ಹೊಚ್ಚ ಹೊಸ ವಿಮಾನಗಳು ತಿಂಗಳುಗಟ್ಟಲೆ ನೆಲದ ಮೇಲೆಯೇ ಉಳಿದವು. ವಿಮಾನದ ವಿನ್ಯಾಸವೇ ದೋಷಪೂರಿತವೆಂದು ಒಂದು ಪಕ್ಷವೂ, ಚಾಲಕರ ತರಬೇತಿ ಸಾಲದೆಂದು ಇನ್ನೊಂದು ಪಕ್ಷವೂ ವಾದಿಸಿದವು. ಥ್ರಾಟಲ್ ಹಿಡಿಕೆಗಳು ಚಲಿಸದಿರುವುದು ಚರ್ಚೆಯ ಮುಖ್ಯ ವಿಷಯಗಳಲ್ಲಿ ಒಂದಾಗಿತ್ತು. ಹಳೆಯ ವಿಮಾನಗಳಲ್ಲಿ ಹಿಡಿಕೆ ಹಿಂದಕ್ಕೆ ಸರಿದರೆ ಅದರ ಮೇಲಿದ್ದ ಕೈಗೇ ಅದು ತಿಳಿಯುತ್ತಿತ್ತು. ಎ320ರಲ್ಲಿ ಆ ಸೂಚನೆ ಇಲ್ಲ. ಏರ್‌ಬಸ್ ಈ ವಿನ್ಯಾಸವನ್ನು ಕೈಬಿಡಲಿಲ್ಲ. ಆದರೆ ವಿಮಾನದ ವೇಗ ಮತ್ತು ಬಲ ಅಪಾಯದ ಮಟ್ಟಕ್ಕೆ ಇಳಿಯುತ್ತಿರುವುದನ್ನು ಧ್ವನಿಯ ಮೂಲಕ ಸಾರುವ ಎಚ್ಚರಿಕೆ ಈಗ ಈ ವಿಮಾನಗಳಲ್ಲಿದೆ. ಯಾವ ವಿಧಾನ ಜಾರಿಯಲ್ಲಿದೆ ಎಂಬುದನ್ನು ಪರದೆಯಲ್ಲಿ ಓದಿ ಗಟ್ಟಿಯಾಗಿ ಹೇಳುವುದು ಚಾಲಕರ ತರಬೇತಿಯ ಅಂಗವಾಗಿದೆ. ನಿಗದಿತ ಎತ್ತರಕ್ಕೆ ಬರುವ ಹೊತ್ತಿಗೆ ವೇಗ, ಬಲ, ಇಳಿಯುವ ದರ ಎಲ್ಲವೂ ಸ್ಥಿರವಾಗಿರದಿದ್ದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಬೇಕೆಂಬ ನಿಯಮವೂ ವಿಮಾನಯಾನ ಸಂಸ್ಥೆಗಳಲ್ಲಿ ರೂಢಿಗೆ ಬಂದಿದೆ.

ಭಾರತದಲ್ಲಿ ಅಪಘಾತ ತನಿಖೆಗೆಂದೇ ವಿಮಾನ ಅಪಘಾತ ತನಿಖಾ ಸಂಸ್ಥೆ 2012ರಲ್ಲಿ ಸ್ಥಾಪನೆಯಾಯಿತು. ಎಚ್‌ಎಎಲ್ ವಿಮಾನ ನಿಲ್ದಾಣದ ನಿಯತ ಪ್ರಯಾಣಿಕ ಸೇವೆಗಳು 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಹೊಸ ನಿಲ್ದಾಣಕ್ಕೆ ಸ್ಥಳಾಂತರಗೊಂಡವು.

ಹೋಲಿಕೆಯ ಅಪಘಾತಗಳು

ಬೆಂಗಳೂರಿನ ಅಪಘಾತವನ್ನು ಹೋಲುವ ಹಲವು ಘಟನೆಗಳು ಬೇರೆ ದೇಶಗಳಲ್ಲಿಯೂ, ಬೇರೆ ಕಂಪನಿಗಳ ವಿಮಾನಗಳಲ್ಲಿಯೂ ನಡೆದಿವೆ.

1988, ಹಾಬ್ಸ್‌ಹೈಮ್, ಫ್ರಾನ್ಸ್: ಜೂನ್ 26ರಂದು ಏರ್ ಫ್ರಾನ್ಸ್‌ನ ಎ320 ವಿಮಾನ ಪ್ರದರ್ಶನಕ್ಕಾಗಿ ಅತಿ ಕೆಳಗೆ, ಅತಿ ನಿಧಾನವಾಗಿ ಹಾರುತ್ತಿತ್ತು. ಎಂಜಿನ್ ಬಲವನ್ನು ಹೆಚ್ಚಿಸುವುದು ತಡವಾಗಿ ಅದು ಮರಗಳಿಗೆ ಬಡಿಯಿತು. 136 ಮಂದಿಯಲ್ಲಿ ಮೂವರು ಸತ್ತರು.

1992, ಸ್ಟ್ರಾಸ್‌ಬರ್ಗ್, ಫ್ರಾನ್ಸ್: ಜನವರಿ 20ರಂದು ಏರ್ ಇಂಟರ್ ಸಂಸ್ಥೆಯ ಎ320 ಬೆಟ್ಟಕ್ಕೆ ಅಪ್ಪಳಿಸಿ 96 ಮಂದಿಯಲ್ಲಿ 87 ಮಂದಿ ಮೃತಪಟ್ಟರು. 3.3 ಡಿಗ್ರಿ ಕೋನದಲ್ಲಿ ಇಳಿಯುವ ಬದಲು ನಿಮಿಷಕ್ಕೆ 3,300 ಅಡಿ ಇಳಿಯುವಂತೆ ಯಂತ್ರಕ್ಕೆ ಆದೇಶ ಹೋಗಿರಬಹುದೆಂದು ಊಹಿಸಲಾಯಿತು. ಎರಡೂ ಆದೇಶಗಳು ಪರದೆಯಲ್ಲಿ ಬಹುಮಟ್ಟಿಗೆ ಒಂದೇ ರೀತಿ ಕಾಣುತ್ತಿದ್ದವು. ಬಳಿಕ ಅಂಕಿಗಳನ್ನು ತೋರಿಸುವ ಕ್ರಮವನ್ನು ಬದಲಿಸಲಾಯಿತು.

2009, ಆಮ್‌ಸ್ಟರ್‌ಡ್ಯಾಮ್, ನೆದರ್ಲೆಂಡ್ಸ್: ಫೆಬ್ರವರಿ 25ರಂದು ಟರ್ಕಿಶ್ ಏರ್‌ಲೈನ್ಸ್‌ನ ಬೋಯಿಂಗ್ 737ರಲ್ಲಿ ಎತ್ತರ ಅಳೆಯುವ ಉಪಕರಣ ತಪ್ಪು ಅಂಕಿ ತೋರಿಸಿದ್ದರಿಂದ ಸ್ವಯಂಚಾಲಿತ ಥ್ರಾಟಲ್ ಎಂಜಿನ್ ಬಲವನ್ನು ಕನಿಷ್ಠಕ್ಕಿಳಿಸಿತು. ವೇಗ ಕುಸಿದದ್ದನ್ನು ಚಾಲಕರು ಸಕಾಲದಲ್ಲಿ ಗಮನಿಸಲಿಲ್ಲ. 135 ಮಂದಿಯಲ್ಲಿ ಒಂಬತ್ತು ಮಂದಿ ಸತ್ತರು.

2013, ಸ್ಯಾನ್ ಫ್ರಾನ್ಸಿಸ್ಕೋ, ಅಮೆರಿಕ: ಜುಲೈ 6ರಂದು ಏಷಿಯಾನಾ ಏರ್‌ಲೈನ್ಸ್‌ನ ಬೋಯಿಂಗ್ 777 ಓಡುಹಾದಿಯ ಮೊದಲಿನ ಸಮುದ್ರ ತಡೆಗೋಡೆಗೆ ತಗುಲಿತು. ಸ್ವಯಂಚಾಲಿತ ವ್ಯವಸ್ಥೆ ವೇಗವನ್ನು ಕಾಯುತ್ತಿದೆಯೆಂದು ಚಾಲಕರು ಭಾವಿಸಿದ್ದರು; ಅದು ಕಾಯುತ್ತಿರಲಿಲ್ಲ. 307 ಮಂದಿಯಲ್ಲಿ ಮೂವರು ಸತ್ತರು.

ಆಮ್‌ಸ್ಟರ್‌ಡ್ಯಾಮ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಅಪಘಾತಗಳಿಗೂ ಬೆಂಗಳೂರಿನ ಅಪಘಾತಕ್ಕೂ ಮತ್ತೊಂದು ಹೋಲಿಕೆಯಿದೆ: ಮೂರರಲ್ಲಿಯೂ ಒಬ್ಬ ಚಾಲಕ ತರಬೇತಿ ಅಥವಾ ಪರೀಕ್ಷೆಗೆ ಒಳಗಾಗಿದ್ದು, ಇನ್ನೊಬ್ಬ ಹಿರಿಯ ಚಾಲಕ ಅವರ ಮೇಲ್ವಿಚಾರಣೆಯಲ್ಲಿದ್ದರು. ಕಲಿಯುವವರು ಕಲಿಸುವವರನ್ನು ನಂಬಿ, ಕಲಿಸುವವರು ಕಲಿಯುವವರ ಕಡೆ ಗಮನವಿಟ್ಟು, ಇಬ್ಬರೂ ಯಂತ್ರವನ್ನು ನಂಬಿದಾಗ ವೇಗಸೂಚಿಯ ಕಡೆ ಯಾರ ಕಣ್ಣೂ ಇಲ್ಲದೆ ಹೋಗುವ ಅಪಾಯವಿದೆ. ಬೋಯಿಂಗ್ ವಿಮಾನಗಳಲ್ಲಿ ಥ್ರಾಟಲ್ ಹಿಡಿಕೆಗಳು ಚಲಿಸುತ್ತವೆ. ಆದರೂ ಅಲ್ಲಿಯೂ ಇದೇ ಬಗೆಯ ಅಪಘಾತಗಳಾದವು. ಆದುದರಿಂದ 1990ರ ಘಟನೆಯನ್ನು ಒಂದು ವಿಮಾನದ ಅಥವಾ ಇಬ್ಬರು ಚಾಲಕರ ದೋಷಕ್ಕಷ್ಟೇ ಸೀಮಿತಗೊಳಿಸಲಾಗದು. ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ ಮೇಲೆ, ಯಾವ ಕೆಲಸವನ್ನು ಅದಕ್ಕೆ ಒಪ್ಪಿಸಿಲ್ಲ ಎಂಬುದನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಮನುಷ್ಯರಿಗೆ ಎಷ್ಟು ಕಷ್ಟ ಎಂಬುದಕ್ಕೆ ಅದು ಆರಂಭಿಕ ನಿದರ್ಶನಗಳಲ್ಲಿ ಒಂದು.