ರಾಯದುರ್ಗದ ಬೆಟ್ಟದ ರಸಸಿದ್ಧರು ಯಾರು?

ಊರಾಚೆಯ ಪಾಳುಗುಡಿಯೆಂದರೆ ನಮ್ಮ ಹಿರಿಯರು ಹೇಳುತ್ತಿದ್ದುದು ಎರಡೇ ಮಾತು: ಅಲ್ಲಿ ದೆವ್ವವಿದೆ, ಇಲ್ಲವೆ ನಿಧಿಯಿದೆ. ಮೊದಲ ಮಾತು ಮಕ್ಕಳನ್ನು ದೂರವಿಡುತ್ತದೆ. ಎರಡನೆಯದು ಗುದ್ದಲಿ ಹಿಡಿದವರನ್ನು ಕರೆತರುತ್ತದೆ. ಎರಡರಿಂದಲೂ ನಷ್ಟ ನಮ್ಮ ಚರಿತ್ರೆಗೇ.

ಅನಂತಪುರ ಜಿಲ್ಲೆಯ ರಾಯದುರ್ಗದ ಬೆಟ್ಟವನ್ನೇ ನೋಡಿ. ಕೋಟೆಯ ಅವಶೇಷಗಳ ನಡುವೆ ಬಂಡೆಯಲ್ಲಿ ಕೊರೆದ, ಕಲ್ಲಿನ ಬಾಗಿಲುಳ್ಳ ಪುಟ್ಟ ಗುಹೆಗಳಿವೆ. ಜನ ಅದನ್ನು ರಸಸಿದ್ಧರ ಆಶ್ರಮವೆನ್ನುತ್ತಾರೆ. ಬ್ರಿಟಿಷರ ಕಾಲದ ಜಿಲ್ಲಾ ಗೆಜೆಟಿಯರಿನಲ್ಲಿ ಅಲ್ಲಿನ ಕಥೆ ಹೀಗಿದೆ: ರಾಜರಾಜೇಂದ್ರನೆಂಬ ಅರಸನ ಕಿರಿಯ ರಾಣಿ ಹಿರಿಯಳ ಮಗ ಸಾರಂಗಧರನಿಗೆ ಮನಸೋತಳು. ಅವನು ಒಪ್ಪದಿರಲು ಅವನ ಮೇಲೇ ದೂರಿತ್ತಳು. ಅರಸನ ಆಜ್ಞೆಯಂತೆ ಹುಡುಗನ ಕೈಕಾಲುಗಳನ್ನು ಕತ್ತರಿಸಿದರು. ಅಂದಿನ ರಾತ್ರಿ ರಸಸಿದ್ಧನು ಬಂದು ಮೂಲಿಕೆ ಹಚ್ಚಲು ಅವು ಮತ್ತೆ ಚಿಗುರಿದವು.

ಈ ಕಥೆ ರಾಯದುರ್ಗದ್ದೊಂದೇ ಅಲ್ಲ. ರಾಜಮಹೇಂದ್ರಿಯ ಕಡೆಯೂ ಸಾರಂಗಧರನ ಕಥೆ ಪ್ರಸಿದ್ಧ. ನಾಥಪಂಥದಲ್ಲಿ ಚೌರಂಗಿ ಸಿದ್ಧನ ಕಥೆಯೂ ಇದೇ. ಹಾಗಾದರೆ ಈ ಬಂಡೆಗೆ ಏಕೆ ಅಂಟಿತು? ಉತ್ತರ ಬಂಡೆಯಲ್ಲೇ ಇದೆ. ಅಲ್ಲಿನ ಕೆತ್ತನೆಗಳು ಜೈನ ಮೂರ್ತಿಗಳು. ಶ್ರಾವಕರ ಮನೆಗಳು ಕಡಿಮೆಯಾದಂತೆ, ಕುಳಿತ ದಿಗಂಬರ ಮೂರ್ತಿಗಳ ಹೆಸರು ಮರೆತುಹೋಯಿತು. ಕಂಡವರು ಅವರನ್ನು ಮಂತ್ರಸಿದ್ಧಿಯ ಸಿದ್ಧರೆಂದುಕೊಂಡರು. ಇದಕ್ಕೆ ಸಾಕ್ಷಿ ಗುಂತಕಲ್ ಕಡೆಯ ಕೊನಕೊಂಡ್ಲ. ಅಲ್ಲಿ ತೀರ್ಥಂಕರ ಬಿಂಬಗಳಿರುವ ಗುಡ್ಡಕ್ಕೂ ರಸಸಿದ್ಧರ ಗುಡ್ಡವೆಂದೇ ಹೆಸರು! ಶ್ರೀ ಕುಂದಕುಂದಾಚಾರ್ಯರ ಊರು ಇದೇ ಎಂದು ಇತಿಹಾಸಕಾರ ಪಿ. ಬಿ. ದೇಸಾಯಿಯವರು ಗುರುತಿಸಿದರು.

ರಾಯದುರ್ಗದ ಶಾಸನಗಳೂ ಇದನ್ನು ಬಲಪಡಿಸುತ್ತವೆ. 1355ರಲ್ಲಿ, ಒಂದನೆಯ ಹರಿಹರನ ಆಳ್ವಿಕೆಯಲ್ಲಿ, ಮಾಘನಂದಿ ವ್ರತಿಗಳ ಶಿಷ್ಯ ಭೋಗರಾಜರು ಇಲ್ಲಿ ಶಾಂತಿನಾಥ ಸ್ವಾಮಿಯ ಬಿಂಬವನ್ನು ಪ್ರತಿಷ್ಠಾಪಿಸಿದರು. ಇನ್ನೊಂದು ಶಾಸನ ಮೂಲಸಂಘದ ಹಾಗೂ ಯಾಪನೀಯ ಸಂಘದವರ ನಿಸಿದಿಯನ್ನು ಹೇಳುತ್ತದೆ.

ಮಡಕಶಿರದ ಸೀಮೆಯೂ ಹಾಗೆಯೇ. (2022ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ.) ಕುಂದಕುಂದರ ‘ನಿಯಮಸಾರ’ಕ್ಕೆ ಟೀಕೆ ಬರೆದ ಪದ್ಮಪ್ರಭ ಮಲಧಾರಿ ದೇವರು 1185ರಲ್ಲಿ ದೇಹವಿಟ್ಟ ಸಂಗತಿ ಪಾತಶಿವರದ ಶಾಸನದಲ್ಲಿದೆ. ಅಮರಾಪುರದ 1278ರ ಶಾಸನದಲ್ಲಿ ಮಲ್ಲಿಸೆಟ್ಟಿ ಎಂಬವರು ತೈಲಂಗೆರೆಯ ಪ್ರಸನ್ನ ಪಾರ್ಶ್ವದೇವರ ಬಸದಿಗೆ 2,000 ಅಡಿಕೆ ಮರಗಳನ್ನು ದಾನವಿತ್ತರು. ಲೆಕ್ಕಪತ್ರ ಇಡುವ ನಮ್ಮ ಮನೆಗಳಿಗೆ ಈ ಲೆಕ್ಕದ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. ಪುಸ್ತಕ ಗೆದ್ದಲಿಗೆ ಹೋಗುತ್ತದೆ, ಕಲ್ಲು ಉಳಿಯುತ್ತದೆ. ಆದರೆ ನಿಧಿಯಾಸೆಯ ಗುದ್ದಲಿಗೆ ಕಲ್ಲೂ ನಿಲ್ಲದು. ನಿಸಿದಿಯ ಕೆಳಗೆ ಹೊನ್ನಿಲ್ಲ. ಅದು ಸಲ್ಲೇಖನದಿಂದ ದೇಹವಿಟ್ಟವರ ನೆನಪಿನ ಗುರುತು.

ಕಥೆ ಹೇಳಿದ ಊರವರನ್ನು ನಾವು ಹಳಿಯಬೇಕಿಲ್ಲ. ಮೂರ್ತಿಗಳ ಹೆಸರು ಮರೆತರೂ ಅವರು ಪೂಜ್ಯರೆಂಬ ಭಾವವನ್ನು ಅವರು ಬಿಡಲಿಲ್ಲ. ಮರೆತವರು ನಾವು. ವ್ಯಾಪಾರಕ್ಕೆಂದು ಆ ಕಡೆ ಹೋಗುವ ಬಂಧುಗಳು ಒಂದು ಹೊತ್ತು ಬಿಡುವು ಮಾಡಿಕೊಂಡು ಮಕ್ಕಳೊಡನೆ ಬೆಟ್ಟ ಹತ್ತಲಿ. ಬಂಡೆಗೆ ಸುಣ್ಣ, ಬಣ್ಣ ಬಳಿಯುವುದು ಬೇಡ. ಮುಕ್ಕೊಡೆ ಯಾವುದು, ನಿಸಿದಿ ಯಾವುದು ಎಂದು ಮಕ್ಕಳಿಗೆ ತೋರಿಸಿದರೆ ಸಾಕು. ಹೆಸರು ಗೊತ್ತಾದ ಕಡೆ ದೆವ್ವ ನಿಲ್ಲುವುದಿಲ್ಲ.