ಆಮೆಗೆ ಕಂಬಳಿ ಹೊದಿಸಿದರೆ ಬೆಚ್ಚಗಾಗುವುದೇ?

ಏಳನೇ ತರಗತಿಗೆ ‘ಉಷ್ಣ’ ಘಟಕದ ಮೂರನೇ ಪಾಠ ಮುಗಿಸಿದ ಮರುದಿನ ಒಬ್ಬ ಹುಡುಗ ಬಂದು, “ಮಿಸ್, ನೀವು ಹೇಳಿದ ಹಾಗೇ ಬಲ್ಬ್ ಹಾಕಿದ್ವಿ. ಆಮೆ ಇನ್ನೂ ಏನೂ ತಿಂತಿಲ್ಲ. ಹಿಂಗೇ ಆದ್ರೆ ಕೆರೆಗೆ ಬಿಟ್ಟು ಬರ್ತೀನಿ ಅಂದಿದಾರೆ ಅಪ್ಪ” ಎಂದ. ಡಿಸೆಂಬರಿನ ಚಳಿ ಜೋರಾಗಿದ್ದ ವಾರ ಅದು. ಅವರ ಮನೆಯ ಗಾಜಿನ ತೊಟ್ಟಿಯಲ್ಲಿರುವುದು ಕೆಂಪು ಕಿವಿಯ ಸ್ಲೈಡರ್, ಅಮೆರಿಕ ಮೂಲದ ನೀರಾಮೆ. (ನಮ್ಮ ನಕ್ಷತ್ರ ಆಮೆಯಾಗಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮನೆಯಲ್ಲಿ ಸಾಕುವುದೇ ಅಪರಾಧ.) ಪರದೇಶದ ಈ ಆಮೆಯನ್ನು ಕೆರೆಗೆ ಬಿಟ್ಟರೆ ಅಲ್ಲಿನ ಆಮೆಗಳ ಆಹಾರಕ್ಕೂ ಬಿಸಿಲು ಕಾಯುವ ಜಾಗಕ್ಕೂ ಅದು ಪೈಪೋಟಿ ಕೊಡುತ್ತದೆ.

“ಯಾವ ಬಲ್ಬ್ ಹಾಕಿದ್ರಪ್ಪಾ?” ಎಂದು ಕೇಳಿದೆ. ಒಂಬತ್ತು ವ್ಯಾಟಿನ ಎಲ್‌ಇಡಿ!

ತಪ್ಪು ನನ್ನದೇ. ನಾನು ತರಗತಿಯಲ್ಲಿ ತೋರಿಸಿದ್ದು ಪ್ರಯೋಗಾಲಯದ ಹಳೆಯ 60 ವ್ಯಾಟಿನ ತಂತಿ ಬಲ್ಬು, ನಮ್ಮಜ್ಜಿ ಹೇಳುವ ಅರವತ್ತು ಕ್ಯಾಂಡಲ್ ಬಲ್ಬು. ಬಾಯಲ್ಲಿ ಹೇಳಿದ್ದು ಮಾತ್ರ ಬರೀ ‘ಬಲ್ಬ್’. ಎರಡರ ಬೆಳಕೂ ಹೆಚ್ಚುಕಡಿಮೆ ಒಂದೇ. ಆದರೆ ತಂತಿ ಬಲ್ಬು ಪಡೆದ ವಿದ್ಯುತ್ತಿನ ಶೇಕಡಾ 90ಕ್ಕೂ ಹೆಚ್ಚು ಭಾಗವನ್ನು ಶಾಖವಾಗಿಯೇ ಹೊರಗೆ ಚೆಲ್ಲುತ್ತದೆ. ಇಂದಿನ ಮಕ್ಕಳ ಮನೆಗಳಲ್ಲಿ ಅಂಥ ಬಲ್ಬೇ ಇಲ್ಲ ಎಂಬುದು ಪಾಠಯೋಜನೆ ಬರೆಯುವಾಗ ನನಗೆ ಹೊಳೆಯಲಿಲ್ಲ.

ಇನ್ನೊಂದು ತಪ್ಪೂ ಆಗಿತ್ತು. “ಚಳಿಗಾಲದಲ್ಲಿ ಆಮೆಯನ್ನು ಬೆಚ್ಚಗಿಡುವುದು ಹೇಗೆ?” ಎಂದಾಗ ಅರ್ಧ ತರಗತಿ “ಕಂಬಳಿ” ಎಂದಿತ್ತು, ನಾನು “ಶಭಾಷ್” ಎಂದಿದ್ದೆ. ಕಂಬಳಿ ಶಾಖ ಕೊಡುವುದಿಲ್ಲ, ಇರುವ ಶಾಖ ಬೇಗ ಹೋಗದಂತೆ ತಡೆಯುತ್ತದೆ ಅಷ್ಟೇ. ಸರೀಸೃಪದ ಮೈ ತಾನಾಗಿ ಹುಟ್ಟಿಸಿಕೊಳ್ಳುವ ಶಾಖ ಬಹಳ ಕಡಿಮೆ. ‘ಶೀತರಕ್ತ ಪ್ರಾಣಿ’ ಎಂಬ ಪದವೂ ದಾರಿ ತಪ್ಪಿಸುತ್ತದೆ; ಬಿಸಿಲಿನಲ್ಲಿ ಕುಳಿತ ಓತಿಕ್ಯಾತದ ರಕ್ತ ತಣ್ಣಗಿರುವುದಿಲ್ಲ. ಮುಂದಿನ ತರಗತಿಯಲ್ಲಿ ಎರಡು ಕಲ್ಲು ತಂದು ಒಂದಕ್ಕೆ ಉಣ್ಣೆ ಬಟ್ಟೆ ಸುತ್ತಿಸಿದೆ. ಅರ್ಧ ಗಂಟೆಯ ನಂತರ ಎರಡರ ಬಳಿಯೂ ಥರ್ಮಾಮೀಟರ್ ಒಂದೇ ಅಂಕಿ ತೋರಿಸಿತು.

ಅದೇ ದಿನ ಖಾಲಿ ಗಾಜಿನ ತೊಟ್ಟಿಯ ಒಂದು ಮೂಲೆಯಲ್ಲಿ ಇಟ್ಟಿಗೆ ಇಟ್ಟು, ಮೇಲೊಂದು ಕಡಪಾ ಕಲ್ಲಿನ ತುಂಡು ಹಾಕಿ, ಅದರಿಂದ ಒಂದಡಿ ಮೇಲೆ ತಂತಿ ಬಲ್ಬನ್ನು ಪಿಂಗಾಣಿ ಹೋಲ್ಡರಿನಲ್ಲಿ ಕಟ್ಟಿದೆವು. ಬಲ್ಬಿನಿಂದ ಕಲ್ಲಿಗೆ ವಿಕಿರಣ, ಕಲ್ಲಿನಿಂದ ಆಮೆಯ ಹೊಟ್ಟೆಗೆ ವಹನ, ಮೇಲೇರುವ ಬಿಸಿ ಗಾಳಿಯಲ್ಲಿ ಸಂವಹನ. ಮೂರೂ ಒಂದೇ ತೊಟ್ಟಿಯಲ್ಲಿ ಸಿಕ್ಕವು! ಬಿಸಿ ಗಾಳಿ ಮೇಲೇರುವುದರಿಂದ ಥರ್ಮಾಮೀಟರನ್ನು ಗಾಜಿನ ಮೇಲಂಚಿಗೆ ಅಂಟಿಸಿದರೆ ಸುಳ್ಳು ಲೆಕ್ಕ ಸಿಗುತ್ತದೆ. ಆಮೆ ಕೂರುವ ಕಲ್ಲಿನ ಮೇಲೇ ಇಡಬೇಕು. ಅಲ್ಲಿ ಸುಮಾರು 30ರಿಂದ 32 ಡಿಗ್ರಿ ಸೆಲ್ಸಿಯಸ್ ಬರುವಂತೆ ಬಲ್ಬನ್ನು ಏರಿಸಿ ಇಳಿಸಬೇಕು. ತೊಟ್ಟಿಯ ಇನ್ನೊಂದು ತುದಿ ತಂಪಾಗಿಯೇ ಇರಲಿ. ಬಿಸಿಯೋ ತಂಪೋ, ಬೇಕಾದ ಕಡೆ ಹೋಗಿ ಮೈಯ ತಾಪ ಸರಿಪಡಿಸಿಕೊಳ್ಳುವುದೇ ಸರೀಸೃಪದ ಜಾಣತನ.

“ಮಿಸ್, ಸ್ನಾನಕ್ಕೆ ನೀರು ಕಾಯಿಸೋ ಕಾಯಿಲ್ ಹಾಕಿದ್ರೆ?” ಎಂದ ಇನ್ನೊಬ್ಬ. ಖಂಡಿತಾ ಬೇಡ. ಅದು ತಾನಾಗಿ ಆರುವುದಿಲ್ಲ, ಆಮೆ ಬೆಂದೇ ಹೋದೀತು; ಕೈ ಹಾಕಿದವರಿಗೆ ಶಾಕ್ ಬೇರೆ. ಆದರೆ ಅವನ ಪ್ರಶ್ನೆಯಲ್ಲಿ ಹುರುಳಿತ್ತು. 20 ಲೀಟರ್ ನೀರನ್ನು 5 ಡಿಗ್ರಿ ಏರಿಸಲು ಸುಮಾರು 420 ಕಿಲೋಜೂಲ್ ಬೇಕು. 60 ವ್ಯಾಟಿನ ಬಲ್ಬಿನ ಶಾಖವೆಲ್ಲ ನೀರಿಗೇ ಹೋದರೂ ಹತ್ತಿರ ಎರಡು ಗಂಟೆ ಹಿಡಿಯುತ್ತದೆ, ಹೋಗುವುದು ಅದರಲ್ಲಿ ಸ್ವಲ್ಪವೇ. ಹಾಗಾಗಿ ನೀರಿಗೆ ಥರ್ಮೋಸ್ಟಾಟ್ ಇರುವ ಅಕ್ವೇರಿಯಂ ಹೀಟರನ್ನೇ ಹಾಕಬೇಕು, 24ರಿಂದ 26 ಡಿಗ್ರಿಗೆ ಇಟ್ಟು.

ಖರ್ಚಿಲ್ಲದ ಉಪಾಯಗಳನ್ನು ಮಕ್ಕಳೇ ಹೇಳಿದರು. ತೊಟ್ಟಿಯ ಮೂರು ಬದಿಗೆ, ಅಡಿಗೆ ಹೊರಗಿನಿಂದ ಥರ್ಮೋಕೋಲ್ ಕೊಡುವುದು (ಬಲ್ಬಿನ ಹತ್ತಿರ ಬೇಡ, ಕರಗಿ ಉರಿಯುತ್ತದೆ); ಕರೆಂಟ್ ಹೋದಾಗ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಗಾಜಿಗೆ ಒರಗಿಸುವುದು; ಬೆಳಗಿನ ಬಿಸಿಲಿಗೆ ಆಮೆಯನ್ನು ಅಗಲವಾದ ಟಬ್ಬಿನಲ್ಲಿ, ಅರ್ಧ ನೆರಳು ಮಾಡಿ, ಪಕ್ಕದಲ್ಲಿ ಒಬ್ಬರು ಕಾದು ಇಡುವುದು. ಗಾಜಿನ ತೊಟ್ಟಿಯನ್ನೇ ಬಿಸಿಲಿಗಿಟ್ಟರೆ ಒಳಗೆ ಒಲೆಯಾದೀತು. ಬಿಸಿಲು ಬೇಕಾಗುವುದು ಶಾಖಕ್ಕೆ ಮಾತ್ರವಲ್ಲ. ಚಿಪ್ಪು ಗಟ್ಟಿಯಾಗಲು ಬೇಕಾದ ನೇರಳಾತೀತ ಕಿರಣ ತಂತಿ ಬಲ್ಬಿನಿಂದ ಸಿಗದು.

ಎರಡು ಎಚ್ಚರಿಕೆಗಳನ್ನು ನಾನು ಸೇರಿಸಿದೆ. ವೈರು ಸ್ವಿಚ್ಚಿಗೆ ಹೋಗುವ ಮೊದಲು ಒಮ್ಮೆ ಕೆಳಗೆ ಜೋತುಬಿದ್ದಿರಬೇಕು, ಆಗ ವೈರಿನ ಮೇಲೆ ಹರಿದ ನೀರು ಪ್ಲಗ್ಗಿಗೆ ತಲುಪದೆ ಅಲ್ಲೇ ತೊಟ್ಟಿಕ್ಕುತ್ತದೆ. ಆಮೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಆ ಹುಡುಗನಿಗೆ, ಎರಡು ದಿನದಲ್ಲಿ ಗೆಲುವಾಗದಿದ್ದರೆ ಪಶುವೈದ್ಯರಿಗೆ ತೋರಿಸಿ, ಕೆರೆ ಮಾತ್ರ ಬೇಡ ಎಂದು ಅಪ್ಪನಿಗೆ ಚೀಟಿ ಬರೆದುಕೊಟ್ಟೆ.

ನಾಲ್ಕನೇ ದಿನ ಅವನು ಹಾಜರಿ ಕೂಗುವ ಮೊದಲೇ ಎದ್ದು ನಿಂತ. “ಮಿಸ್, ಕಲ್ಲಿನ ಮೇಲೆ ಕಾಲು ಚಾಚಿ ಮಲಗಿತ್ತು. ಸಂಜೆ ಮೂರು ಕಾಳು ತಿಂತು.” ಪಾಠಯೋಜನೆಯ ಬೋಧನೋಪಕರಣಗಳ ಪಟ್ಟಿಯಲ್ಲಿ ‘ಬಲ್ಬ್’ ಎಂದಿದ್ದಲ್ಲಿ ಈಗ ‘60 ವ್ಯಾಟಿನ ತಂತಿ ಬಲ್ಬ್, ಹೋಲಿಕೆಗೆ 9 ವ್ಯಾಟಿನ ಎಲ್‌ಇಡಿ’ ಎಂದು ತಿದ್ದಿದ್ದೇನೆ.