ಅದುಮಿದ ಬಂಡೆ ಬಿರಿಯುವ ಬಗೆ

ಬಿರುಕುಬಿಟ್ಟ ವಸ್ತುವನ್ನು ಎಳೆದರೆ ಬಿರುಕು ಬಾಯ್ದೆರೆಯುವುದು ಸಹಜ. ಅದನ್ನೇ ಎರಡು ಕಡೆಗಳಿಂದ ಅದುಮಿದರೆ? ಬಿರುಕು ಮುಚ್ಚಿಕೊಳ್ಳಬೇಕಷ್ಟೆ. ಹೀಗಿದ್ದರೂ ಬಂಡೆಯ ತುಂಡೊಂದನ್ನು ಯಂತ್ರದ ದವಡೆಗಳ ನಡುವೆ ಇಟ್ಟು ಅದುಮುತ್ತ ಹೋದರೆ, ಕಡೆಗೊಮ್ಮೆ ಅದು ದೊಡ್ಡ ಸದ್ದಿನೊಡನೆ ಸೀಳಿಹೋಗುವುದು. ಸೀಳುಗಳು ಬಹುಮಟ್ಟಿಗೆ ಅದುಮಿದ ದಿಕ್ಕಿಗೇ ಸಮಾಂತರವಾಗಿರುವುವು! ಈ ವೈಚಿತ್ರ್ಯವು ಪ್ರಯೋಗಶಾಲೆಯ ಕುತೂಹಲ ಮಾತ್ರವಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ತಲೆಮಾರುಗಳ ಕಾಲ ದುಡಿದವರಿಗೆ ಇದು ಪ್ರಾಣದ ಪ್ರಶ್ನೆಯಾಗಿದ್ದಿತು.

ಅಲ್ಲಿನ ಚಾಂಪಿಯನ್ ರೀಫ್ ಗಣಿಯು 3 ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದಿತ್ತು. ಅಲ್ಲಿಯ ಶಿಲೆ ನೀರಿಗಿಂತ ಸುಮಾರು 3 ಪಟ್ಟು ಸಾಂದ್ರವಾದುದು. ಲೆಕ್ಕ ಸುಲಭ: 3 ಕಿಲೋಮೀಟರು ಆಳದಲ್ಲಿ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಸುಮಾರು 900 ಕಿಲೋಗ್ರಾಂ ತೂಕದ ಭಾರವಿರುವುದು. ಬಂಡೆಯು ಅಖಂಡವಾಗಿರುವಾಗ ಈ ಭಾರವನ್ನು ಹೊತ್ತುಕೊಂಡು ಸುಮ್ಮನಿರುತ್ತದೆ. ಆದರೆ ಅಲ್ಲಿ ಸುರಂಗವೊಂದನ್ನು ಕೊರೆದೊಡನೆ, ತೆಗೆದ ಕಲ್ಲು ಹೊರುತ್ತಿದ್ದ ಭಾರವೂ ಪಕ್ಕದ ಗೋಡೆಗಳ ಪಾಲಿಗೆ ಬರುತ್ತದೆ. ಜರ್ಮನಿಯ ಎಂಜಿನಿಯರ್ ಕಿರ್ಷ್ 1898ರಲ್ಲಿ ಗುಂಡಗಿನ ರಂಧ್ರವೊಂದರ ಸುತ್ತಣ ಒತ್ತಡವನ್ನು ಗಣಿಸಿದನು. ಆ ಗಣಿತದಂತೆ, ಎಲ್ಲ ಕಡೆಗಳಿಂದಲೂ ಸಮನಾದ ಒತ್ತಡವಿದ್ದರೆ ಸುರಂಗದ ಗೋಡೆಯಲ್ಲಿ ಅದು ಇಮ್ಮಡಿಯಾಗುತ್ತದೆ. ಮೇಲಿನಿಂದ ಮಾತ್ರವೇ ಇದ್ದರೆ ಪಕ್ಕದ ಗೋಡೆಗಳಲ್ಲಿ ಮುಮ್ಮಡಿಯಾಗುತ್ತದೆ. 900 ಕಿಲೋಗ್ರಾಂ ಹೀಗೆ 1,800 ಅಥವಾ 2,700 ಆಯಿತು! ಗಟ್ಟಿ ಶಿಲೆಗಳಲ್ಲಿ ಹಲವು ಚದರ ಸೆಂಟಿಮೀಟರಿಗೆ 1,000ದಿಂದ 2,500 ಕಿಲೋಗ್ರಾಂ ಭಾರದಲ್ಲಿಯೇ ಒಡೆದುಹೋಗುತ್ತವೆಂಬುದನ್ನು ನೆನೆದರೆ ಗಣಿಗರ ಸ್ಥಿತಿ ಅರ್ಥವಾದೀತು.

ಹಾಗಾದರೆ ಒಡೆಯುವುದು ಎಲ್ಲಿಂದ ಮೊದಲಾಗುತ್ತದೆ? ಜವಳಿ ಅಂಗಡಿಯವನು ಬಟ್ಟೆಯ ಅಂಚನ್ನು ಕತ್ತರಿಯಿಂದ ಕೊಂಚ ಕಚ್ಚಿಸಿ, ಆಮೇಲೆ ಕೈಯಿಂದಲೇ ಪರ್ರನೆ ಹರಿಯುವುದನ್ನು ಎಲ್ಲರೂ ಕಂಡಿದ್ದೇವೆ. ಎಳೆತವೆಲ್ಲವೂ ಆ ಕಚ್ಚಿನ ಮೊನೆಯಲ್ಲಿ ಬಂದು ಸೇರುವುದರಿಂದ ಅಲ್ಲಿನ ಒಂದೊಂದೇ ನೂಲು ಕಡಿಯುತ್ತದೆ. ಗಾಜಿನಲ್ಲಿಯೂ ಇಂಥ ಕಚ್ಚುಗಳಿವೆಯೆಂದೂ, ಅದರ ದೌರ್ಬಲ್ಯಕ್ಕೆ ಕಣ್ಣಿಗೆ ಕಾಣದ ಆ ಸೂಕ್ಷ್ಮ ಬಿರುಕುಗಳೇ ಕಾರಣವೆಂದೂ ಇಂಗ್ಲೆಂಡಿನ ಗ್ರಿಫಿತ್ 1920ರ ಸುಮಾರಿಗೆ ತೋರಿಸಿದನು. ಬಂಡೆಯಲ್ಲಂತೂ ಇವಕ್ಕೆ ಬರವಿಲ್ಲ. ಹರಳು ಹರಳುಗಳ ನಡುವಣ ಎಲ್ಲೆಗಳೇ ಸಾಕು.

ಈಗ ಬಂಡೆಯೊಳಗೆ ಓರೆಯಾಗಿ ಮಲಗಿರುವ ಒಂದು ಬಿರುಕನ್ನು ಊಹಿಸಿಕೊಳ್ಳಿರಿ. ಮೇಲಿನಿಂದ ಒತ್ತಡ ಬಿದ್ದಾಗ ಅದರ ಎರಡು ಮುಖಗಳೂ ಒಂದನ್ನೊಂದು ಒತ್ತಿಕೊಳ್ಳುವುವು. ಆದರೆ ಇಳಿಜಾರಾದುದರಿಂದ ಮೇಲಿನ ಮುಖವು ಕೆಳಗಿನದರ ಮೇಲೆ ಜಾರಲು ಯತ್ನಿಸುವುದು. ಘರ್ಷಣೆಯು ಸೋತಾಗ ಅದು ಕೂದಲೆಳೆಗಿಂತಲೂ ಕಡಿಮೆ ಜಾರಬಹುದು, ಅಷ್ಟು ಸಾಕು. ಬಿರುಕು ಕೊನೆಗೊಳ್ಳುವ ತುದಿಯಲ್ಲಿ ಕಲ್ಲು ಇನ್ನೂ ಕೂಡಿಕೊಂಡಿರುವುದರಿಂದ, ಈ ಜಾರಿಕೆಯು ಅದನ್ನು ಒಂದು ಮಗ್ಗುಲಲ್ಲಿ ನೂಕುತ್ತದೆ, ಇನ್ನೊಂದು ಮಗ್ಗುಲಲ್ಲಿ ಎಳೆಯುತ್ತದೆ. ಎಳೆದ ಮಗ್ಗುಲಲ್ಲಿ ಹೊಸ ಬಿರುಕು ಹುಟ್ಟಿ, ಬಾಗಿ, ಒತ್ತಡದ ದಿಕ್ಕಿಗೆ ತಿರುಗಿ ಮುಂದುವರಿಯುವುದು. ಎರಡು ತುದಿಗಳಲ್ಲಿಯೂ ಹೀಗಾಗುವುದರಿಂದ ಹಳೆಯ ಬಿರುಕಿಗೆ ಎರಡು ರೆಕ್ಕೆಗಳು ಮೂಡಿದಂತಾಗುತ್ತದೆ. ಅದುಮಿದ ಬಂಡೆಯೂ ಒಳಗೊಳಗೆ ಎಳೆತದಿಂದಲೇ ಸೀಳುತ್ತದೆಂಬುದು ಇದರ ಗುಟ್ಟು. ಅಮೆರಿಕದ ಬ್ರೇಸ್ ಮತ್ತು ಬೊಂಬೊಲಾಕಿಸ್ ಎಂಬುವರು ಗಾಜು ಮೊದಲಾದ ಪಾರದರ್ಶಕ ವಸ್ತುಗಳನ್ನು ಅದುಮಿ, 1963ರಲ್ಲಿ ಈ ರೆಕ್ಕೆಗಳನ್ನು ಪ್ರತ್ಯಕ್ಷವಾಗಿ ತೋರಿಸಿದರು.

ಅವರು ಕಂಡ ಇನ್ನೊಂದು ಸಂಗತಿ ಹೆಚ್ಚು ಮುಖ್ಯವೆಂದು ನನ್ನ ಎಣಿಕೆ. ಎಳೆದ ಗಾಜಿನಲ್ಲಿ ಬಿರುಕು ಒಮ್ಮೆ ಹೊರಟಿತೆಂದರೆ ನಿಲ್ಲುವುದಿಲ್ಲ. ಅದುಮಿದಾಗ ಹಾಗಲ್ಲ: ರೆಕ್ಕೆಯು ಕೊಂಚ ಬೆಳೆದು ನಿಂತುಬಿಡುವುದು, ಮತ್ತೆ ಬೆಳೆಯಬೇಕಾದರೆ ಭಾರ ಹೆಚ್ಚಬೇಕು. ಬಂಡೆಯು ಎಳೆತಕ್ಕಿಂತ ಅದುಮಿಕೆಯನ್ನು ಎಷ್ಟೋ ಪಟ್ಟು ಹೆಚ್ಚಾಗಿ ತಾಳುವುದು ಇದರಿಂದಲೇ. ಗ್ರಿಫಿತ್‌ನ 1924ರ ಲೆಕ್ಕದಲ್ಲಿ 8 ಪಟ್ಟು; ಆತನು ಬಿರುಕಿನ ಮುಖಗಳ ಘರ್ಷಣೆಯನ್ನು ಎಣಿಸಿರಲಿಲ್ಲವಾಗಿ, ನಿಜವಾದ ಶಿಲೆಗಳಲ್ಲಿ ಇದು 10ಕ್ಕೂ ಮೀರುವುದುಂಟು. (ನಮ್ಮ ದೇವಾಲಯದ ಮಂಟಪಗಳಲ್ಲಿ ಕಂಬಗಳು ಒತ್ತೊತ್ತಾಗಿ ನಿಂತಿರುವುದೇಕೆಂದು ಯೋಚಿಸಿ ನೋಡಿರಿ. ಕಂಬಕ್ಕೆ ಬೀಳುವುದು ಅದುಮಿಕೆ; ಕಲ್ಲಿನ ತೊಲೆಯ ಅಡಿಭಾಗಕ್ಕಾದರೋ ಎಳೆತ.)

ಪಕ್ಕಗಳಿಂದಲೂ ಒತ್ತು ಕೊಟ್ಟರೆ ರೆಕ್ಕೆಗಳು ಬಾಯ್ದೆರೆಯಲಾರವು; ಸ್ವಲ್ಪವೇ ಒತ್ತಿದರೂ ಅವುಗಳ ಓಟ ಮೊಟಕಾಗುತ್ತದೆ. ಸುರಂಗದ ಗೋಡೆಗೆ ಇಲ್ಲದುದು ಇದೇ. ಅದರ ಒಂದು ಪಕ್ಕದಲ್ಲಿರುವುದು ಬರಿಯ ಗಾಳಿ. ಆದುದರಿಂದ ಅಲ್ಲಿ ರೆಕ್ಕೆಗಳು ಗೋಡೆಗೆ ಸಮಾಂತರವಾಗಿ ಬೆಳೆದು, ಒಂದಕ್ಕೊಂದು ಕೂಡಿ, ಕಲ್ಲನ್ನು ಹಪ್ಪಳದಂತೆ ಪದರ ಪದರವಾಗಿ ಬಿಡಿಸುತ್ತವೆ. ಪದರಗಳು ಮೆಲ್ಲಗೆ ಕಳಚಿದರೆ ಹೆಚ್ಚಿನ ಅಪಾಯವಿಲ್ಲ. ಆದರೆ ಅದುಮಿದ ಬಂಡೆಯು ಸುತ್ತಿಟ್ಟ ಸ್ಪ್ರಿಂಗಿನಂತೆ ಶಕ್ತಿಯನ್ನು ಒಳಗಿಟ್ಟುಕೊಂಡಿರುತ್ತದೆ. ಆ ಶಕ್ತಿಯೆಲ್ಲವೂ ಒಮ್ಮೆಲೇ ಹೊರಬಿದ್ದಾಗ ಟನ್ನುಗಟ್ಟಲೆ ಕಲ್ಲು ಸುರಂಗದೊಳಕ್ಕೆ ಸಿಡಿಯುತ್ತದೆ. ಇದೇ ಶಿಲಾಸ್ಫೋಟ. ಕೋಲಾರದಲ್ಲಿ ಇಂಥ ಸ್ಫೋಟಗಳು ಅನೇಕ ಗಣಿಗರನ್ನು ಬಲಿ ತೆಗೆದುಕೊಂಡವು. ಅವುಗಳ ನಡುಕ ಮೇಲಿನ ಮನೆಗಳಿಗೂ ಮುಟ್ಟುತ್ತಿತ್ತು.

ಸಿಡಿಯುವ ಮೊದಲು ಬಂಡೆ ಸೂಚನೆ ಕೊಡದೆ ಇರುವುದಿಲ್ಲ. ಪ್ರಯೋಗಶಾಲೆಯಲ್ಲಿ, ಅಂತಿಮ ಭಾರದ ಅರ್ಧವನ್ನು ಮುಟ್ಟುವ ಹೊತ್ತಿಗೆ ಸಾಮಾನ್ಯವಾಗಿ ಸೂಕ್ಷ್ಮ ಬಿರುಕುಗಳು ಹೊರಟಿರುತ್ತವೆ. ಒಳಗೆ ಹೊಸ ಬಿರುಕುಗಳ ತೆರಪು ಬೆಳೆಯುವುದರಿಂದ ಕಲ್ಲು ಅಡ್ಡಲಾಗಿ ಉಬ್ಬುತ್ತದೆ. ಒಂದೊಂದು ಬಿರುಕೂ ಚಿಟಿಕೆಯಷ್ಟು ಸದ್ದು ಮಾಡುತ್ತದೆ. ಅಮೆರಿಕದ ಗಣಿಗಳಲ್ಲಿ 1940ರ ಸುಮಾರಿಗೇ ಈ ಸದ್ದುಗಳನ್ನು ಆಲಿಸತೊಡಗಿದರು. ಕೋಲಾರದಲ್ಲಿಯೂ 1970ರ ದಶಕದ ಕೊನೆಗೆ ಭಾಭಾ ಪರಮಾಣು ಸಂಶೋಧನ ಕೇಂದ್ರದ ನೆರವಿನಿಂದ ಕಂಪನಗ್ರಾಹಕಗಳ ಜಾಲವನ್ನು ಹೂಡಿದರು. ಸದ್ದುಗಳು ಎಲ್ಲಿ ದಟ್ಟವಾಗುತ್ತಿವೆಯೆಂಬುದು ಇದರಿಂದ ತಿಳಿಯುತ್ತದೆ. ಸ್ಫೋಟದ ಗಳಿಗೆ ಮಾತ್ರ ಇಂದಿಗೂ ಖಚಿತವಾಗಿ ತಿಳಿಯದು. ಬಿರುಕಿನ ಮೊನೆಯಲ್ಲಿ ತೇವವಿದ್ದರೆ ಅಲ್ಲಿನ ಅಣುಬಂಧಗಳು ಸಡಿಲುವುದರಿಂದ, ಭಾರ ಹೆಚ್ಚದಿದ್ದರೂ ಬಿರುಕು ತೆವಳುತ್ತ ಬೆಳೆಯಬಲ್ಲುದು. ನಿನ್ನೆ ನಿಂತಿದ್ದ ಗೋಡೆ ಇಂದು ಸಿಡಿಯಲು ಇದೂ ಒಂದು ಕಾರಣ.

ಅದಿರು ತೆಗೆದ ಪೊಳ್ಳುಗಳನ್ನು ಕೋಲಾರದವರು ಗ್ರಾನೈಟ್ ಕಲ್ಲಿನ ಕಟ್ಟಡದಿಂದಲೂ ಮುಂದೆ ಕಾಂಕ್ರೀಟಿನಿಂದಲೂ ತುಂಬುತ್ತಿದ್ದರು. ಬಂಡೆಯ ಪೂರ್ತಿ ಭಾರವನ್ನು ಆ ಕಟ್ಟಡವು ಹೊರಲಾರದು, ದಿಟ. ಆದರೆ ಬರಿಯ ಗಾಳಿಯಿದ್ದ ಪಕ್ಕಕ್ಕೆ ಅದು ಒಂದಿಷ್ಟು ಒತ್ತು ಕೊಡುತ್ತಿತ್ತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ನೀರೆತ್ತುವುದು ನಿಂತ ಮೇಲೆ ಸುರಂಗಗಳು ತುಂಬತೊಡಗಿದವು. ಬಿರುಕಿನೊಳಗೆ ಸೇರಿದ ನೀರು ಅದರ ಮುಖಗಳನ್ನು ಬೇರ್ಪಡಿಸಲೆಳಸಿ ಘರ್ಷಣೆಯನ್ನು ತಗ್ಗಿಸುತ್ತದೆ. ಗಣಿಗರೆಲ್ಲ ಮೇಲೆ ಬಂದ ಬಳಿಕವೂ ಅಲ್ಲಿನ ಕಂಪನಮಾಪಕಗಳು ನೆಲದ ನಡುಕಗಳನ್ನು ದಾಖಲಿಸುತ್ತಲೇ ಇದ್ದವು.